ಆಳಂದದಲ್ಲಿ ಅತ್ತವಳು

ದಿನಚರಿಯ ಮೂರನೆಯ ಪುಟದಲ್ಲೇ ಅಜ್ಜ ಸಿಕ್ಕಿಬಿದ್ದ.

‘ಶುಕ್ರವಾರ, ಜುಮಾ. ಆಳಂದ ದರ್ಗಾಕ್ಕೆ ಹೋದೆ. ಖಾಸೀಂಬಿ ಮಾಡಿದ ಸಿಹಿ ಮಲೀದಾ ಒಯ್ದೆ. ಅವಳು ತಿಂದು ಅತ್ತಳು. ಖಾಸೀಂಬಿಗೆ ಹೇಳಬೇಡ ಎಂದಳು.’

ಕನ್ನಡಕ್ಕೆ ಇಳಿಸಿಕೊಂಡ ಸಾಲುಗಳನ್ನು ಮಸರತ ಮತ್ತೆ ಮತ್ತೆ ಓದಿದಳು. ಫಾರ್ಸಿ ಕಲಿಯಲು ಹಿಡಿದು ಎರಡೇ ತಿಂಗಳು. ಲಿಪಿ ಉರ್ದುವಿನದೇ. ಜಮೀನು, ದರವಾಜ, ಖುಷಿ, ಅರ್ಧ ಮಾತುಗಳು ಜೇವರ್ಗಿಯ ಸಂತೆಯಲ್ಲೇ ಇದ್ದವು. ಕ್ರಿಯಾಪದಗಳಷ್ಟೇ ಹೊಸವು. ರಫ್ತಮ್, ಹೋದೆ. ದೀದಮ್, ನೋಡಿದೆ.

ಅಜ್ಜ ಮಲಂಗಸಾಬ ನಿಜಾಮರ ಕಾಲದ ಶಾಲೆಯಲ್ಲಿ ಓದಿದವನು. ಅಜ್ಜಿಗೆ ಉರ್ದು ಓದಲು ಬರುತ್ತಿತ್ತು. ಅದಕ್ಕೇ ಫಾರ್ಸಿಯಲ್ಲಿ ಬರೆದಿದ್ದಾನೆ, ಕಳ್ಳ.

“ಏನ್ ಬರ್ದಾನ್ ಬೇ?” ಹೊರಸಿನ ಮೇಲಿಂದ ಅಜ್ಜಿ ಖಾಸೀಂಬಿ ಕೇಳಿದಳು.

“ಮಳಿ ಬೆಳಿ ಸುದ್ದಿ, ದಾದಿಮಾ.”

“ಸುಳ್ಳ ಹೇಳಬ್ಯಾಡ. ಜುಮಾಕ್ಕೊಮ್ಮೆ ಬಸ್ ಹತ್ತಾಂವ. ಎಲ್ಲಿಗಂತ ನಾ ಕೇಳ್ಲಿಲ್ಲ, ಆಂವ ಹೇಳ್ಲಿಲ್ಲ. ಆಂವ ಸತ್ತಾಗ ನನಗ ಅಳು ಬರ್ಲಿಲ್ಲ. ಆಕಿ ಹೆಸರ್ ಒಂದ್ ಹೇಳು, ಸಾಕು.”

ಅಪ್ಪನ ಮಾತು ಮೀರಿ ನಿಕಾಹ್ ಆದವಳು ಖಾಸೀಂಬಿ. ಅಂದೇ ತವರು ಮುಚ್ಚಿತ್ತು. ಅವಳಿಗೆ ಉಳಿದದ್ದು ಆ ಗಂಡನೊಬ್ಬನೇ. ಮಸರತ ಅಂಗಳಕ್ಕೆ ಹೋದಳು, ಒಳಗೆ ಬಂದಳು, ಮತ್ತೆ ಹೋದಳು. ಕೊನೆಗೆ ದಿನಚರಿಯನ್ನೂ ತನ್ನ ಅನುವಾದವನ್ನೂ ಹಿಡಿದು ಫಾರ್ಸಿ ಕಲಿಸುವ ಹಮೀದಾಬೇಗಂ ಮನೆಗೆ ನಡೆದಳು.

ಹಮೀದಾಬೇಗಂ ಕನ್ನಡಕ ಏರಿಸಿ ಮೂಲವನ್ನೂ ಅನುವಾದವನ್ನೂ ನೋಡಿದರು.

“ಅತ್ತಳು ಅಂತ ಎಲ್ಲೈತಿ?”

“‘ಊ’ ಐತಲ್ರಿ. ಊ ಅಂದ್ರ ಅವಳು.”

“ಪಹಿಲೇ ಪಾಠದಾಗೇ ಹೇಳೇನಿ. ಫಾರ್ಸಿಯೊಳಗ ಅವನೂ ಊ, ಅವಳೂ ಊ. ಕ್ರಿಯಾಪದದಾಗೂ ಗೊತ್ತಾಗಂಗಿಲ್ಲ. ಹೆಣ್ಣು ಅಂತ ನೀನೇ ಹಚ್ಚೀದಿ. ಮುಂದ ಎಲ್ಲೆರೆ ಹೆಸರ್ ಬಂದಿರ್ತದ, ನೋಡು.”

ಮಸರತ ಕೊನೆಯ ಪುಟ ತೆರೆದಳು. ಅಕ್ಷರಗಳನ್ನು ಬೆರಳಿನಿಂದ ಕೂಡಿಸಿದಳು. ಆಮೇಲೆ ಮನೆಗೆ ಓಡಿದಳು.

ಅಜ್ಜಿಯ ಮಗ್ಗುಲಲ್ಲಿ ಕುಳಿತು, ಏದುಸಿರು ಬಿಡುತ್ತಲೇ ಒಂದೊಂದು ಮಾತನ್ನೂ ಕನ್ನಡ ಮಾಡಿ ಓದಿದಳು:

“‘ಇಂದು ಖಾಸೀಂಬಿಯ ಅಪ್ಪನ ಜನಾಜಕ್ಕೆ ಹೆಗಲು ಕೊಟ್ಟೆ; ತನ್ನ ತಮ್ಮಂದಿರಿಗೆ ಹೆದರಿ ಮಗಳನ್ನು ಕರೆಯಲಾರದವನು, ಅವಳು ಹೇಗಿದ್ದಾಳೆಂದು ಕೇಳಲು ಹನ್ನೊಂದು ವರ್ಷ ಪ್ರತಿ ಜುಮಾ ಆಳಂದ ದರ್ಗಾದಲ್ಲಿ ನನಗಾಗಿ ಕಾದ.’”