ಬಿಸಾಕಿದ ಎಕ್ಕಗಳು

ಭಾನುವಾರ ಬಂತೆಂದರೆ ಹತ್ತು ರೂಪಾಯಿ ಕಟ್ಟಿ ಇಡೀ ಮಧ್ಯಾಹ್ನ ಮೊಬೈಲಿನಲ್ಲಿ ಪೋಕರ್ ಆಡುತ್ತ ಕೂರುವ ಗಂಡನನ್ನು ನೋಡಿ ನೋಡಿ ವನಜಾಕ್ಷಿಗೆ ಸಾಕಾಗಿಹೋಗಿತ್ತು.

“ಗೆದ್ದ ದುಡ್ಡಿಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಬರಲ್ಲ. ಇದಕ್ಕೆ ಇಷ್ಟು ಹೊತ್ತು ದಂಡ ಮಾಡಬೇಕಾ?”

“ಇರಲಿ ಬಿಡೇ.”

“ಮನೆ ಪಾಲಾದ ಮೇಲೆ ಅಣ್ಣನ ಜೊತೆ ಮಾತು ಬಿಟ್ರಿ. ಈ ಆಟ ಹಿಡಿದ ಮೇಲೆ ನನ್ನ ಜೊತೆಗೂ ಬಿಟ್ರಿ.”

ಒಳಕೋಣೆಯಲ್ಲಿ ಅತ್ತೆ ಕೆಮ್ಮಿದರು. ಅವರಿಗೆ ಕಷಾಯ ಕೊಟ್ಟು ಬಂದ ವನಜಾಕ್ಷಿ ಗಂಡನ ಭುಜದ ಮೇಲಿಂದ ಇಣುಕಿದಳು. ಮಿಕ್ಕವರೆಲ್ಲ ಸೋತು ಹೋಗಿ ಆಟದಲ್ಲಿ ಇಬ್ಬರೇ ಉಳಿದಿದ್ದರು. ಎದುರಿನವನು ಇದ್ದದ್ದನ್ನೆಲ್ಲ ಪಣಕ್ಕಿಟ್ಟಿದ್ದ. ಗಂಡನ ಕೈಯಲ್ಲಿ ಎರಡು ಎಕ್ಕಗಳಿದ್ದವು. ಅವನು ಎರಡನ್ನೂ ಸುಮ್ಮನೆ ಬಿಸಾಕಿದ.

“ಗೆಲ್ಲೋ ಎಲೆ ಯಾಕ್ರೀ ಬಿಸಾಕಿದ್ರಿ?”

“ಗೆದ್ದರೆ ಆಟ ಮುಗಿದುಹೋಗುತ್ತಲ್ಲ,” ಎಂದ ಅವನು, ಉರಿಯುವ ಕಣ್ಣುಜ್ಜಿಕೊಳ್ಳುತ್ತ.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಎದುರಿನವನು ಬರೆದದ್ದು ಮೂಡಿತು: “ಅಮ್ಮನ ಕೆಮ್ಮು ಕಮ್ಮಿ ಆಯ್ತೇನೋ?”