ಎರಡು ಗುಡ್ಡೆ ಗರಗಸ

ಪಡಸಾಲೆಯಲ್ಲಿ ಬಿದ್ದಿದ್ದ ಎರಡು ಗುಡ್ಡೆಗಳನ್ನು ಕಂಡ ಕೂಡಲೇ ಮಚ್ಛೇಂದ್ರನ ತಲೆಯಲ್ಲಿ ಹುಳ ಹೊಕ್ಕಿತು. ಅಪ್ಪ ಬಿಟ್ಟುಹೋದ ಗರಗಸಗಳನ್ನು ಅಣ್ಣ ಏಕನಾಥ ಪಾಲು ಮಾಡಿ ಇಟ್ಟಿದ್ದ. ಒಂದು ಗುಡ್ಡೆಯಲ್ಲಿದ್ದವು ಎಣ್ಣೆ ಸವರಿಸಿಕೊಂಡು ಮಿರಮಿರ ಮಿಂಚುತ್ತಿದ್ದವು. ಇನ್ನೊಂದರಲ್ಲಿದ್ದವಕ್ಕೆ ತುಕ್ಕು ಹಿಡಿದಿತ್ತು, ಒಂದರ ಹಿಡಿಕೆಗಂತೂ ಸುತಳಿ ಸುತ್ತಿತ್ತು. ಆ ಮನೆತನದ ಕಟ್ಟಳೆಯ ಪ್ರಕಾರ ಪಾಲು ಮಾಡಿದವನು ಕೊನೆಗೆ ತಗೊಳ್ಳಬೇಕು, ಮೊದಲು ಆರಿಸುವ ಹಕ್ಕು ಇನ್ನೊಬ್ಬನದು. ಹಾಗಿರುವಾಗ ಬುದ್ಧಿ ನೆಟ್ಟಗಿದ್ದವನು ಎರಡನ್ನೂ ಸರಿಸಮ ಮಾಡುತ್ತಾನೆ. ಇಲ್ಲದಿದ್ದರೆ ಕೆಟ್ಟದ್ದು ಅವನ ಕೊರಳಿಗೇ ಬೀಳುತ್ತದೆ. ಅಣ್ಣನೇನು ದಡ್ಡನಲ್ಲ. ಅಂದಮೇಲೆ ಇದರಲ್ಲಿ ಏನೋ ಮಸಲತ್ತು ಇರಲೇಬೇಕು.

ಮಚ್ಛೇಂದ್ರ ಔರಾದಿನಿಂದ ಭಾಲ್ಕಿಯ ತನಕ ಬಸ್ಸು ಹತ್ತಿ ಬಂದದ್ದು ಸುಮ್ಮನೆ ಅಲ್ಲ. ಪ್ಲೈವುಡ್ ಅಂಗಡಿಯ ಮೆಷಿನ್ ಕೆಲಸ ಹೋದಾಗಿನಿಂದ ಅವನು ಮನೆಯಲ್ಲೇ ಕೂತಿದ್ದ. ಬೀದರಿನ ಚಿದ್ರಿಯ ಸುಭಾನ ಮೇಸ್ತ್ರಿ ಒಂದು ಹಳೆಯ ವಾಡೆಯ ದುರಸ್ತಿ ಹಿಡಿದಿದ್ದ. ಗೋಡೆಯಲ್ಲೇ ಕೂತ ಸಾಗವಾನಿ ಚೌಕಟ್ಟುಗಳು, ಅಲ್ಲಿ ಮೆಷಿನ್ ನಡೆಯುವುದಿಲ್ಲ. ಕೈಗರಗಸ ತಗೊಂಡು ನಾಳೆ ಬಾ, ಕೊಯ್ದು ತೋರಿಸು, ಸಾಪಾಗಿ ಬಂದರೆ ಕೆಲಸ ನಿನ್ನದು ಎಂದಿದ್ದ. ಮಚ್ಛೇಂದ್ರ ಅದನ್ನೇ ಅಣ್ಣನಿಗೆ ಫೋನಿನಲ್ಲಿ ಹೇಳಿ ಅಪ್ಪನ ಗರಗಸಗಳಲ್ಲಿ ಪಾಲು ಕೇಳಿದ್ದ. ಇದೂ ಕೈತಪ್ಪಿದರೆ ಹೆಂಡತಿ ಸುಮನಳಿಗೆ ಯಾವ ಮುಖ ತೋರಿಸುವುದು? ಆದರೆ ಹುಟ್ಟಿದಾಗಿನಿಂದ ಸ್ವಿಚ್ ಒತ್ತಿಯೇ ಕಟ್ಟಿಗೆ ಕೊಯ್ದ ಈ ಮಹಾರಾಯನಿಗೆ ಎಲ್ಲ ಗರಗಸಗಳೂ ಒಂದೇ ಥರ ಕಾಣುತ್ತಿದ್ದವು. ಅದನ್ನು ಅಣ್ಣನ ಮುಂದೆ ಒಪ್ಪಿಕೊಳ್ಳುವ ಗಂಡಸು ಅವನಲ್ಲ.

ಏಕನಾಥ ಒಂದೊಂದನ್ನೇ ಎತ್ತಿ ಹೇಳುತ್ತ ಹೋದ. ದೊಡ್ಡ ಹಲ್ಲಿನದು ಕಟ್ಟಿಗೆಯನ್ನು ಉದ್ದಕ್ಕೆ ಸೀಳಲಿಕ್ಕೆ, ಚಿಕ್ಕ ಹಲ್ಲಿನದು ಅಡ್ಡಕ್ಕೆ ಕೊಯ್ಯಲಿಕ್ಕೆ, ಬೆನ್ನಿಗೆ ಪಟ್ಟಿ ಇದ್ದದ್ದು ಚೌಕಟ್ಟಿನ ಸಂದು ಕೂಡಿಸಲಿಕ್ಕೆ, ಮೂತಿ ಸಣ್ಣಗಿದ್ದದ್ದು ಗುಂಡಗೆ ತೂತು ಕೊರೆಯಲಿಕ್ಕೆ. ಎರಡೂ ಗುಡ್ಡೆಯಲ್ಲಿ ಎಲ್ಲ ಥರದವೂ ಒಂದೊಂದು ಇದ್ದವು. ಮಚ್ಛೇಂದ್ರ ಗರಗಸ ನೋಡಲೇ ಇಲ್ಲ, ಅಣ್ಣನ ಮುಖ ನೋಡುತ್ತಿದ್ದ. ಮಿಂಚುವ ಗುಡ್ಡೆಯ ಹತ್ತಿರ ಬಂದಾಗ ಅಣ್ಣನ ದನಿ ಸ್ವಲ್ಪ ಏರುತ್ತಿತ್ತು, ಸಂತೆಯಲ್ಲಿ ಎತ್ತು ಮಾರುವವನ ಹಾಗೆ. ತುಕ್ಕಿನವನ್ನು ಮಾತ್ರ ಹೆಸರು ಹೇಳಿ ಬದಿಗೆ ಸರಿಸಿಬಿಟ್ಟ.

"ಮುಟ್ಟಿ ನೋಡೋ," ಎಂದ ಏಕನಾಥ. "ಅಲ್ಲಿ ಹಲಗಿ ಬಿದ್ದದ. ಎರಡೂ ಥರದ್ದು ಎಳದು ನೋಡು."

ಎಳೆಯಲಿಕ್ಕೆ ಹೋದರೆ ಕೈಗರಗಸ ಹಿಡಿದು ಗೊತ್ತಿಲ್ಲದ್ದು ಅಣ್ಣನ ಮುಂದೆ ಬಯಲಾಗುತ್ತದೆ. ಬ್ಯಾಡ, ಕಣ್ಣಿಗೇ ಗೊತ್ತಾಗ್ತದ ಎಂದು ಮಚ್ಛೇಂದ್ರ ತೇಲಿಸಿದ. ಮಿಂಚುವ ಗರಗಸಗಳ ಹಲ್ಲಿಗೆ ಹೊಸದಾಗಿ ಅರ ಹಾಕಿ ಚೂಪು ಮಾಡಿದ್ದು ಕಾಣುತ್ತಿತ್ತು. ತಮ್ಮನ ಕೈಗೆ ಹೋಗುವ ಪಾಲಿಗೆ ಇಷ್ಟು ಮೈಮುರಿದು ದುಡಿಯಲು ಅಣ್ಣನಿಗೇನು ಹುಚ್ಚೇ? ಒಳಗಿನ ಹುಳುಕು ಮುಚ್ಚಲು ಹೊರಗೆ ಬಣ್ಣ ಬಳಿದಿದ್ದಾನೆ. ಅಪ್ಪ ಮುಟ್ಟಿದ ಅಸಲಿ ಉಕ್ಕೆಲ್ಲ ತುಕ್ಕಿನ ಕೆಳಗೆ ಬೆಚ್ಚಗೆ ಕೂತಿದೆ. ಮನೆ ಪಾಲಾದಾಗಲೂ ಹೀಗೇ ಆಗಿತ್ತಲ್ಲ, ಸುಣ್ಣ ಬಳಿದ ಭಾಗ ತಗೊಂಡು ಮಳೆಗಾಲಪೂರ್ತಿ ಗೋಡೆ ಸೋರಿಸಿಕೊಂಡದ್ದು ತಾನೇ. ಆ ಭಾಗವನ್ನು ಆರಿಸಿದ್ದೂ ತಾನೇ ಎಂಬುದು ಅವನ ನೆನಪಿಗೆ ಬರಲಿಲ್ಲ. ಅವನು ತುಕ್ಕಿನ ಗುಡ್ಡೆಯನ್ನು ಗೋಣಿಚೀಲಕ್ಕೆ ತುಂಬತೊಡಗಿದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಏಕನಾಥನ ಹೆಂಡತಿ, ಮಚ್ಛೇಂದ್ರನ ವೈನಿ ಕೌಸಲ್ಯಾಬಾಯಿಗೆ ತಡೆಯಲಾಗಲಿಲ್ಲ. "ಹಂಗ ಮಾಡಬ್ಯಾಡ್ರಿ ಮಚ್ಛೇಂದ್ರ. ಆ ಛಲೋವು ನಿಮಗಂತೇ ಇವರು ಕೂತು ಅರ ಹಾಕ್ಯಾರ. ಹಾಂಗೇ ಕೊಟ್ರ ನೀವು ತಗೊಳ್ಳಲ್ಲ ಅಂತ ಈ ಪಾಲಿನ ನಾಟಕ ಮಾಡ್ಯಾರ್ರಿ."

"ಆ ಚೀಲದಾಗಿನವು ಹಲ್ಲು ಸತ್ತು ಹೋಗ್ಯಾವೋ," ಎಂದ ಏಕನಾಥ, ಮಿಂಚುವ ಗುಡ್ಡೆಯನ್ನು ತಮ್ಮನ ಕಡೆ ನೂಕುತ್ತ. "ಸವತಿಕಾಯಿ ಸುದ್ದಾ ಕೊಯ್ಯಲ್ಲ. ಗುಜರಿಗೆ ಹಾಕಾವ ಇದ್ದೆ. ನಾಳಿ ಸುಭಾನನ ಮುಂದ ನಿನ್ನ ಮರ್ಯಾದಿ ಹೋಗ್ತದ. ಬದಲಿ ಮಾಡ್ಕೊ."

ಮಚ್ಛೇಂದ್ರನ ಕೈ ಆ ಕಡೆ ಹೋಗಿಯೂ ಹೋಯಿತು. ಅಷ್ಟರಲ್ಲಿ ಹುಳ ಮತ್ತೆ ಕೊರೆಯಿತು. ವೈನಿ ಬಾಯಿಪಾಠ ಮಾಡಿದವರ ಹಾಗೆ ಹೇಳಿದರಲ್ಲ! ಛಲೋ ಪಾಲು ತನ್ನ ಕೈಗೆ ಬಂದರೆ ಲೋಕದಲ್ಲಿ ಯಾವನಾದರೂ ಇಷ್ಟು ಒದ್ದಾಡುತ್ತಾನೆಯೇ? ಗಂಡ ಹೆಂಡತಿ ಕೂಡಿ ಟೋಪಿ ಹಾಕಲು ನಿಂತಿದ್ದಾರೆ. "ಇವೇ ಇರ್ಲಿ ಬಿಡ್ರಿ ಅಣ್ಣಾ," ಎಂದು ಚೀಲದ ಬಾಯಿ ಬಿಗಿದ. "ನನ್ನ ನಸೀಬಿನಾಗ ಇದ್ದದ್ದು ನನಗ." ವೈನಿ ಚಹಾ ಕುಡಿದು ಹೋಗ್ರಿ ಅಂದರೂ ಕೂಡಲಿಲ್ಲ.

ಭಾಲ್ಕಿ ನಿಲ್ದಾಣದಲ್ಲಿ ಔರಾದಿನ ಬಸ್ಸು ಹೊರಡಲು ತಯಾರಾಗಿತ್ತು. ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ ಮಚ್ಛೇಂದ್ರನಿಗೆ ಗೇಟಿನ ಹತ್ತಿರ ಅಣ್ಣ ಕಂಡ. ಕಾಲಲ್ಲಿ ಚಪ್ಪಲಿಯೂ ಇಲ್ಲ, ಮಿಂಚುವ ಗರಗಸಗಳನ್ನು ಟವೆಲ್ಲಿನಲ್ಲಿ ಸುತ್ತಿ ಬಗಲಲ್ಲಿ ಅವುಚಿಕೊಂಡು, ಇನ್ನೊಂದು ಕೈ ಎತ್ತಿ ಬೀಸುತ್ತ, ಜನರ ನಡುವೆ ಏದುಸಿರು ಬಿಡುತ್ತ ಓಡಿಬರುತ್ತಿದ್ದ. ಮಚ್ಛೇಂದ್ರ ಕಿಟಕಿಯ ಗಾಜು ಸರಕ್ಕನೆ ಎಳೆದು ಮುಚ್ಚಿ, ಕಂಡಕ್ಟರನ ಕಡೆ ತಿರುಗಿದ.

"ಇನ್ನಾ ಯಾಕ ನಿಂದ್ರಸೀರಿ? ರೈಟ್ ಅನ್ರಿ."