ಯಜಮಾನರ ಕಾರು

ಕಾರು ಆರಿಸುವ ಹೊಣೆಯನ್ನು ನಾನೇ ಹೊತ್ತುಕೊಂಡಿದ್ದೆ. ಯುರೋಪಿನ ಪುಟ್ಟ ಕಾರೇ ಆಗಬೇಕು, ಅದಂತೂ ಖಚಿತ. ಡೀಸೆಲ್ಲೋ ಪೆಟ್ರೋಲೋ, ಡಿಕ್ಕಿ ದೊಡ್ಡದಿರುವ ವ್ಯಾಗನ್ನೋ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಶೋರೂಮಿನವರ ಬೆವರಿಳಿಸಿದೆ.

“ರೀ, ಈ ಡೀಸೆಲ್‌ದು ಕ್ಲಚ್ ಸ್ವಲ್ಪ ಗಟ್ಟಿ ಅನ್ಸತ್ತೆ” ಎಂದಳು ಹೆಂಡತಿ.

“ಎಂಜಿನ್ ಎಳೆಯೋ ತಾಕತ್ತು ನೋಡು. ಇದೆಲ್ಲ ನಿಂಗೆ ತಿಳಿಯಲ್ಲ, ಸುಮ್ನಿರು.”

ಡೀಸೆಲ್ ವ್ಯಾಗನ್ ಮನೆಗೆ ಬಂತು.

ಗುಡಿಯ ಮುಂದೆ ಪೂಜೆ ಮುಗಿಸಿದ ಅರ್ಚಕರು ಚಕ್ರಗಳಡಿ ನಿಂಬೆಹಣ್ಣು ಇಟ್ಟು, “ಹೂಂ ಯಜಮಾನ್ರೇ, ಹಣ್ಣಿನ ಮೇಲೆ ಹತ್ತಿಸಿ” ಎಂದರು.

ನಾನು ಗಂಭೀರವಾಗಿ ಕೀಲಿಯನ್ನು ಹೆಂಡತಿಯ ಕೈಗಿಟ್ಟು, ಮದುವೆಯಾದಂದಿನಿಂದ ಕೂತು ಅಭ್ಯಾಸವಿರುವ ಎಡಗಡೆಯ ಸೀಟಿಗೆ ಹೋಗಿ ಬೆಲ್ಟ್ ಬಿಗಿದುಕೊಂಡೆ.